ಟಾಟಾದವರು ಕೊಂಡ ಎರಡು ಕಂಪನಿಗಳಲ್ಲಿ ಒಂದೇ ಯಾಕೆ ಗೆದ್ದಿತು?

ಹಾಸನದವಳು:
ಅಪ್ಪ ಬಿಟ್ಟುಹೋದ ಷೇರುಗಳಲ್ಲಿ ಟಾಟಾ ಸ್ಟೀಲೂ ಇದೆ, ಟಾಟಾ ಮೋಟರ್ಸೂ ಇದೆ. 2007ರಲ್ಲಿ ಸ್ಟೀಲಿನವರು ಕೋರಸ್ ಅನ್ನೋ ಉಕ್ಕಿನ ಕಂಪನಿ ಕೊಂಡರು. ಮರುವರ್ಷ ಮೋಟರ್ಸಿನವರು ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡರು. ಎರಡೂ ಬ್ರಿಟನ್ನಿನವು, ಎರಡೂ ರತನ್ ಟಾಟಾ ಕಾಲದವು. ಕಾರು ಕೈ ಹಿಡಿಯಿತು, ಉಕ್ಕು ಕೈ ಸುಟ್ಟಿತು. ಎಲ್ಲಾ ಅದೃಷ್ಟ ಅಂತಾನೆ ನಮ್ಮಣ್ಣ. ಹೌದಾ?

ಪೀಣ್ಯ ಗೇರ್:
ಅದೃಷ್ಟವೂ ಇದೆ ಮೇಡಂ. ಆದರೆ ಮೊದಲು ಬೆಲೆ ನೋಡಿ. ಕೋರಸ್‌ಗೆ ಟಾಟಾ ಮೊದಲು ಹೇಳಿದ್ದು ಷೇರಿಗೆ 455 ಪೆನ್ಸ್. ಬ್ರೆಜಿಲ್‌ನ ಉಕ್ಕಿನ ಕಂಪನಿ ಸಿಎಸ್‌ಎನ್ ಪೈಪೋಟಿಗೆ ಬಂತು. ಹರಾಜು ಮುಗಿದಾಗ 608! ಗಣಪತಿ ಪೆಂಡಾಲಿನ ಹರಾಜಿನಲ್ಲಿ ಹಟಕ್ಕೆ ಬಿದ್ದು ಕೂಗುತ್ತಾರಲ್ವಾ, ಹಾಗೆ. ಮರುವರ್ಷವೇ ಉಕ್ಕಿನ ಬೆಲೆ ಕುಸಿಯಿತು. ಕೊಳ್ಳಲು ಮಾಡಿದ ಸಾಲ ಮಾತ್ರ ಉಳಿಯಿತು. ಕೋರಸ್ ಜೊತೆ ಬಂದ ವೇಲ್ಸ್‌ನ ಪೋರ್ಟ್ ಟಾಲ್ಬಟ್ ಕಾರ್ಖಾನೆಯ ಕೊನೆಯ ಊದುಕುಲುಮೆ (ಬ್ಲಾಸ್ಟ್ ಫರ್ನೇಸ್) 2024ರಲ್ಲಿ ಆರಿತು.

ಜಾಗ್ವಾರ್ ಲ್ಯಾಂಡ್ ರೋವರ್ 230 ಕೋಟಿ ಡಾಲರಿಗೆ ಸಿಕ್ಕಿತು. ಕೊಂಡ ಮೊದಲ ವರ್ಷ ಅದಕ್ಕೂ ಜೋರು ಪೆಟ್ಟು ಬಿತ್ತು. ಆದರೆ ಹಿಂದಿನ ಮಾಲೀಕ ಫೋರ್ಡ್ ಕಾಲದಲ್ಲೇ ಮಾದರಿ ತೋರಿಸಿದ್ದ ಕಾರು 2011ರಲ್ಲಿ ರೇಂಜ್ ರೋವರ್ ಇವೋಕ್ ಆಗಿ ಬಂದು ಕೈ ಹಿಡಿಯಿತು. ಇನ್ನೊಂದು ತಮಾಷೆ ನೋಡಿ: ಉಕ್ಕಿಗೆ ಚೀನಾ ಪೈಪೋಟಿ, ಕಾರಿಗೆ ಅದೇ ಚೀನಾ ಗಿರಾಕಿ.

ಮಂಗಳೂರು ಮೀನು:
ಹೊರದೇಶದಲ್ಲಿ ಕೊಂಡ ಕಂಪನಿಗಳು ಅಲ್ಲಿನ ಜನರ ಜೊತೆ ಹೊಂದಾಣಿಕೆ ಆಗದೆಯೂ ಮುಳುಗುತ್ತವೆ ಅಲ್ವಾ ಸರ್?

ಪೀಣ್ಯ ಗೇರ್:
ಅದನ್ನು ನನ್ನ ಬಾಯಲ್ಲೇ ಹೇಳಿಸುತ್ತೀರಿ! ನಮ್ಮ ಕಂಪನಿ ಜರ್ಮನಿಯಲ್ಲಿ 40 ಜನರ ಗೇರ್ ಫ್ಯಾಕ್ಟರಿ ಕೊಂಡಿತ್ತು. ನಾನು 14 ತಿಂಗಳು ಅಲ್ಲಿದ್ದೆ. ಶನಿವಾರ ಓಟಿ ಮಾಡಿಸು ಅಂತ ಇಲ್ಲಿಂದ ಫೋನ್. ಅಲ್ಲಿ ಓಟಿಗೆ ಕೆಲಸಗಾರರ ಮಂಡಳಿ ಒಪ್ಪಬೇಕು, ಕಾನೂನೇ ಹಾಗೆ. ಕೊಳ್ಳುವ ಮೊದಲು ನಮ್ಮವರು ಮೆಷಿನ್ ಎಣಿಸಿದ್ದರು, ಇದನ್ನು ಕೇಳಿರಲಿಲ್ಲ.

ಗೇರ್ ಉಜ್ಜುವ ಗ್ರೈಂಡಿಂಗ್ ಮೆಷಿನಿನ ಸೆಟ್ಟಿಂಗ್ ಪೂರ್ತಿ ಗೊತ್ತಿದ್ದದ್ದು ಒಬ್ಬ ಫೋರ್‌ಮನ್‌ಗೆ. ಅವರನ್ನು ಒಂದು ಮಾತೂ ಕೇಳದೆ ಇಲ್ಲಿನ ಸಾಫ್ಟ್‌ವೇರ್ ಹೇರಿದೆವು. ಪ್ರತಿ ಸೆಟ್ಟಿಂಗಿಗೂ ಫಾರಂ ತುಂಬಿಸಿದೆವು. ನಾನೇ ಮುಂದೆ ನಿಂತು ತುಂಬಿಸಿದ್ದು. ಅವರು ಪಕ್ಕದೂರಿನ ಕಂಪನಿಗೆ ಹೋದರು. ಹಿಂದೆಯೇ ಎರಡು ದೊಡ್ಡ ಗಿರಾಕಿಗಳೂ ಹೋದವು.

ಹಾಸನದವಳು:
ಅಣ್ಣನಿಗೆ ಓದಿಸಿದೆ, ಸುಮ್ನಾದ. ಆ ಫ್ಯಾಕ್ಟರಿ ಏನಾಯಿತು?

ಪೀಣ್ಯ ಗೇರ್:
ಮುಚ್ಚಿದರು ಮೇಡಂ. ಎರಡು ಮೆಷಿನ್ ಹಡಗಿನಲ್ಲಿ ಬಂದು ಪೀಣ್ಯ ಸೇರಿದವು. ಒಂದಕ್ಕೆ ಫೋರ್‌ಮನ್ ಜರ್ಮನ್‌ನಲ್ಲಿ ಬರೆದು ಅಂಟಿಸಿದ ಚೀಟಿ ಇನ್ನೂ ಇದೆ. ನಾನು ರಿಟೈರ್ ಆಗಿ ಎರಡು ವರ್ಷವಾಯಿತು. ಹುಡುಗರು ಈಗಲೂ ಅದರ ಫೋಟೋ ಕಳಿಸಿ, ಏನು ಬರೆದಿದೆ ಸರ್ ಅಂತ ಕೇಳುತ್ತಾರೆ.