ಪದಬಂಧದಲ್ಲಿ ನಮ್ಮ ‘ನೀರುಳ್ಳಿ’ಗೆ ಚೌಕವಿಲ್ಲವೇ?

ಪ್ರಶ್ನೆ: ಬದಿಯಡ್ಕದ ಓದುಗ

ಮಾನ್ಯರೇ, ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ತೋಟ ನೋಡಿಕೊಂಡಿರುವವನು. ಬೆಳಗ್ಗಿನ ಚಹಾದ ಹೊತ್ತಿಗೆ ಕನ್ನಡ ಪತ್ರಿಕೆಯ ಪದಬಂಧವನ್ನು ಬಿಡಿಸುವುದು ನನ್ನ ಬಹುಕಾಲದ ಅಭ್ಯಾಸ. ಪಕ್ಕದ ಮನೆಯವರು ಅದೇ ಹೊತ್ತಿಗೆ ಮಲಯಾಳ ಪತ್ರಿಕೆಯ ‘ಪದಪ್ರಶ್ನಂ’ ಹಿಡಿದು ಕುಳಿತಿರುತ್ತಾರೆ. ಅವರದು ಮುಗಿದರೂ ನನ್ನದು ನಾಲ್ಕೈದು ಚೌಕಗಳಲ್ಲಿ ಸಿಕ್ಕಿಬಿದ್ದಿರುತ್ತದೆ.

ನಿನ್ನೆಯ ಉದಾಹರಣೆಯನ್ನೇ ಹೇಳುತ್ತೇನೆ. ಎಡದಿಂದ ಬಲಕ್ಕೆ ‘ಹೆಚ್ಚುವಾಗ ಕಣ್ಣೀರು ತರಿಸುವ ಗಡ್ಡೆ’ ಎಂಬ ಸುಳಿವಿತ್ತು, ಮೂರು ಅಕ್ಷರ. ನಾನು ಯೋಚಿಸದೆ ‘ನೀರುಳ್ಳಿ’ ಎಂದು ಬರೆದೆ, ಏಕೆಂದರೆ ನಮ್ಮ ಮನೆಯಲ್ಲೂ ಅಂಗಡಿಯಲ್ಲೂ ಅದಕ್ಕೆ ಬೇರೆ ಹೆಸರಿಲ್ಲ. ಅದೇ ಮೊದಲ ಚೌಕದಿಂದ ಮೇಲಿನಿಂದ ಕೆಳಕ್ಕೆ ‘ಶಿವ’, ಮತ್ತೆ ಮೂರೇ ಅಕ್ಷರ. ‘ನೀ’ ಎಂದು ಆರಂಭವಾಗುವ ಶಿವನ ಹೆಸರೆಂದರೆ ನೀಲಕಂಠ, ಆದರೆ ಅದಕ್ಕೆ ನಾಲ್ಕು ಚೌಕ ಬೇಕು. ಅರ್ಧ ಗಂಟೆ ಕುಳಿತರೂ ದಾರಿ ಕಾಣಲಿಲ್ಲ. ‘ಒಂದು ದ್ವಿದಳ ಧಾನ್ಯ’ ಎಂಬಲ್ಲಿ ಬರೆದ ‘ಅಳಸಂಡೆ’ಯೂ ಹೀಗೆಯೇ ಕೈಕೊಟ್ಟಿತು. ಇದಲ್ಲದೆ ‘ಹೋಟೆಲ್’ ಎಂಬಂತಹ ಪದಗಳ ಕೊನೆಯ ಅರ್ಧಾಕ್ಷರಕ್ಕೆ ಬೇರೆ ಚೌಕ ಉಂಟೋ ಇಲ್ಲವೋ ಎಂಬುದೂ ನನಗೆ ಸ್ಪಷ್ಟವಿಲ್ಲ.

ಘಟ್ಟದ ಮೇಲಿನ ಕನ್ನಡವನ್ನು ಹೊಸದಾಗಿ ಕಲಿತಲ್ಲದೆ ಇದನ್ನು ಪೂರ್ತಿ ಬಿಡಿಸಲು ಸಾಧ್ಯವಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಂಜೇಶ್ವರದಿಂದ

ನಿಮ್ಮ ಕನ್ನಡದಲ್ಲಿ ಕೊರತೆಯಿಲ್ಲ. ತುಂಬುವ ಕ್ರಮದಲ್ಲಿ ಸ್ವಲ್ಪ ಬದಲಾವಣೆ ಸಾಕು. ‘ನೀರುಳ್ಳಿ’ ಮತ್ತು ‘ಈರುಳ್ಳಿ’ ಎರಡಕ್ಕೂ ಮೂರೇ ಚೌಕಗಳು, ಬೇರೆಯಾಗುವುದು ಮೊದಲನೆಯದು ಮಾತ್ರ. ಆದ್ದರಿಂದ ‘ರು’ ಮತ್ತು ‘ಳ್ಳಿ’ಗಳನ್ನು ಧೈರ್ಯವಾಗಿ ತುಂಬಿ, ಮೊದಲ ಚೌಕವನ್ನು ಖಾಲಿ ಬಿಟ್ಟು, ಅಡ್ಡ ಹಾಯುವ ಪದವನ್ನು ಮೊದಲು ಕೇಳಬೇಕು. ಶಿವನಿಗೆ ಮೂರು ಅಕ್ಷರಗಳೆಂದಾಗ ‘ಈಶ್ವರ’ ಅಥವಾ ‘ಈಶಾನ’ ಹೊಳೆದರೆ ತರಕಾರಿಯ ಹೆಸರೂ ತಾನಾಗಿ ತೀರ್ಮಾನವಾಗುತ್ತದೆ.

ಅಳಸಂಡೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ‘ಅಲಸಂದೆ’ಗೂ ಅದಕ್ಕೂ ನಾಲ್ಕು ಚೌಕಗಳೇ ಆದರೂ ಎರಡನೆಯದು ಮತ್ತು ನಾಲ್ಕನೆಯದು ಬೇರೆ. ನಿನ್ನೆಯ ಪದಬಂಧವನ್ನು ನಾನೂ ಬಿಡಿಸಿದ್ದೆ. ಅದರ ಕೊನೆಯ ಚೌಕಕ್ಕೆ ಮೇಲಿನಿಂದ ಬಂದು ಸೇರುವ ಸುಳಿವು ‘ಭೀಮನ ಆಯುಧ’, ಎರಡು ಅಕ್ಷರ. ಅದು ‘ಗದೆ’ಯಲ್ಲದೆ ಬೇರೆಯಲ್ಲ, ಆದ್ದರಿಂದ ಅಲ್ಲಿ ‘ದೆ’ ಬರಲೇಬೇಕು. ಊರಿಂದೂರಿಗೆ ಬದಲಾಗದ ಇಂತಹ ಪುರಾಣದ ಹೆಸರು, ನದಿ, ಊರು, ತಿಂಗಳುಗಳನ್ನು ಮೊದಲು ತುಂಬಿ, ಅಡುಗೆಮನೆಯ ಪದಗಳನ್ನು ಕೊನೆಗೆ ಇಟ್ಟುಕೊಳ್ಳುವುದು ನನ್ನ ಕ್ರಮ. ಬಟಾಟೆ ಮತ್ತು ಆಲೂಗಡ್ಡೆಗಳಲ್ಲಿ ಚೌಕಗಳ ಸಂಖ್ಯೆಯೇ ಬೇರೆಯಾಗಿರುವುದರಿಂದ ಅಲ್ಲಿ ಗೊಂದಲವೇ ಇಲ್ಲ.

ಉತ್ತರ: ಮುಳ್ಳೇರಿಯದ ನಿವೃತ್ತ ಕನ್ನಡ ಅಧ್ಯಾಪಕ

ಅರ್ಧಾಕ್ಷರದ ಪ್ರಶ್ನೆಗೆ ಉತ್ತರಿಸುತ್ತೇನೆ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಮೊದಲ ಪದಬಂಧ ಇಂಗ್ಲಿಷಿನದು. ಅಲ್ಲಿ ಒಂದು ಚೌಕಕ್ಕೆ 26 ಅಕ್ಷರಗಳಲ್ಲಿ ಒಂದು ಬಂದರೆ ಮುಗಿಯಿತು. ನಮ್ಮ ಚೌಕದಲ್ಲಿ ಕೂರುವುದು ಗುಣಿತ, ಒತ್ತು, ಸೊನ್ನೆಗಳೊಂದಿಗೆ ಇಡೀ ಅಕ್ಷರ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ರೂಪಗಳಾಗುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ‘ಕಾ’ ಇದ್ದ ಚೌಕದಲ್ಲಿ ‘ಕಿ’ ಹಾಯಲಾರದು. ಹೀಗಾಗಿ ಪದಗಳನ್ನು ಹೆಣೆಯುವುದು ಕಷ್ಟವಾಗಿ ಕನ್ನಡ ಪದಬಂಧದಲ್ಲಿ ಕಪ್ಪು ಚೌಕಗಳು ಹೆಚ್ಚು ಬೇಕಾಗುತ್ತವೆ. ಆದರೆ ಬಿಡಿಸುವವನಿಗೆ ಇದೇ ದೊಡ್ಡ ಅನುಕೂಲ: ಅಡ್ಡ ಪದದಿಂದ ಒಂದು ‘ಳ್ಳಿ’ಯೋ ‘ಕ್ಷ’ವೋ ದೊರೆತರೆ ಅರ್ಧ ಪದ ಸಿಕ್ಕಿದಂತೆಯೇ.

ಎಣಿಕೆಯು ಬಹುಮಟ್ಟಿಗೆ ಛಂದಸ್ಸಿನಂತೆ. ಉತ್ಪಲಮಾಲೆಯ ಪಾದಕ್ಕೆ 20, ಚಂಪಕಮಾಲೆಯ ಪಾದಕ್ಕೆ 21 ಎಂದು ಎಣಿಸುವಾಗ ಒತ್ತಕ್ಷರವನ್ನು ಹೇಗೆ ಒಂದೇ ಎನ್ನುತ್ತೇವೆಯೋ ಇಲ್ಲಿಯೂ ಹಾಗೆಯೇ. ಯಕ್ಷಗಾನ ಕವಿ ‘ಪಾರ್ತಿಸುಬ್ಬ’ನಿಗೆ ನಾಲ್ಕು ಚೌಕ: ಪಾ, ರ್ತಿ, ಸು, ಬ್ಬ. ರೇಫವನ್ನು, ಅಂದರೆ ಅರ್ಕಾವತ್ತನ್ನು, ಬಲಗಡೆ ಬರೆಯುವುದರಿಂದ ಕೆಲವರು ಅದಕ್ಕೆ ಪ್ರತ್ಯೇಕ ಚೌಕ ಹುಡುಕುತ್ತಾರೆ, ಅದು ತಪ್ಪು. ಛಂದಸ್ಸಿನಿಂದ ಬೇರೆಯಾಗುವುದು ಪದಾಂತ್ಯದ ವ್ಯಂಜನದಲ್ಲಿ. ಛಂದಸ್ಸಿನಲ್ಲಿ ‘ಬಸ್’ ಒಂದೇ ಗುರು. ಪದಬಂಧದಲ್ಲಿ ‘ಬ’, ‘ಸ್’ ಎಂದು ಎರಡು ಚೌಕ. ಆದ್ದರಿಂದ ನಿಮ್ಮ ‘ಹೋಟೆಲ್’ಗೂ ‘ಹೋಟೆಲು’ವಿಗೂ ಮೂರೇ ಚೌಕಗಳಾಗುತ್ತವೆ, ಕೊನೆಯದು ‘ಲ್’ ಎಂದೋ ‘ಲು’ ಎಂದೋ ಅಡ್ಡ ಪದವೇ ಹೇಳುತ್ತದೆ.

ಸಂದೇಹ ಬಂದಾಗ ನಾನು ತೆರೆಯುವುದು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ನಿಘಂಟನ್ನು. ಕನ್ನಡ ಪದದ ಜೊತೆಗೆ ತುಳು, ಮಲಯಾಳ, ತಮಿಳು, ತೆಲುಗಿನ ಸೋದರ ರೂಪಗಳನ್ನೂ ಅದು ಕೊಡುವುದರಿಂದ ನಮ್ಮಂತಹ ಗಡಿನಾಡಿನವರಿಗೆ ಬಹಳ ಹತ್ತಿರದ ಗ್ರಂಥ. ಪದಬಂಧಕ್ಕೆಂದು ತೆರೆದವನು ಅದರಲ್ಲಿಯೇ ಗಂಟೆಗಟ್ಟಲೆ ಉಳಿದುಬಿಟ್ಟದ್ದೂ ಉಂಟು.

ಉತ್ತರ: ಪೆರ್ಲದ ತಾಳಮದ್ದಳೆ ಆಸಕ್ತೆ

ಮಾಷ್ಟ್ರು ಪಾರ್ತಿಸುಬ್ಬನ ಹೆಸರೆತ್ತಿದ್ದರಿಂದ ಒಂದು ಮಾತನ್ನು ಸೇರಿಸುತ್ತೇನೆ. ಪದಬಂಧಕ್ಕೆ ಬೇಕಾದ ಸಂಸ್ಕೃತ ಪರ್ಯಾಯ ಪದಗಳು ಚಿಕ್ಕಂದಿನಿಂದ ಯಕ್ಷಗಾನದ ಪದ್ಯಗಳನ್ನು ಕೇಳಿ ಬೆಳೆದ ನಮ್ಮ ಕಿವಿಯಲ್ಲಿ ಇದ್ದೇ ಇವೆ; ಅವುಗಳನ್ನು ಜೋಡಿಸಿಕೊಳ್ಳಬೇಕು ಅಷ್ಟೆ. ನೀರಿನ ಹೆಸರುಗಳನ್ನು ನೋಡಿ: ಜಲ, ವಾರಿ, ಅಂಬು. ಇವುಗಳ ಮುಂದೆ ‘ಜ’ ಇಟ್ಟರೆ ತಾವರೆ, ‘ದ’ ಇಟ್ಟರೆ ಮೋಡ, ‘ಧಿ’ ಇಟ್ಟರೆ ಕಡಲು. ಜಲಜ, ಜಲದ, ಜಲಧಿ. ವಾರಿಜ, ವಾರಿದ, ವಾರಿಧಿ. ಅಂಬುಜ, ಅಂಬುದ, ಅಂಬುಧಿ. ಎಲ್ಲಕ್ಕೂ ಮೂರೇ ಚೌಕ. ಸುಳಿವಿನಲ್ಲಿ ‘ಕಮಲ’ ಎಂದು ಕಂಡ ಕೂಡಲೇ ನಾನು ಕೊನೆಯ ಚೌಕದಲ್ಲಿ ಪೆನ್ಸಿಲಿನಿಂದ ತೆಳುವಾಗಿ ‘ಜ’ ಬರೆಯುತ್ತೇನೆ. ‘ತಾವರೆ’, ‘ನಳಿನ’ ಬಂದರೆ ಅಳಿಸಬೇಕಾಗುತ್ತದೆ ನಿಜ, ಆದರೆ ಅದು ಅಪರೂಪ.

ಆನೆಗೆ ಎರಡಕ್ಷರವೆಂದರೆ ಗಜ, ಕರಿ, ಇಭ, ದಂತಿ, ಹಸ್ತಿ. ಮೂರಾದರೆ ವಾರಣ, ಕುಂಜರ, ಮಾತಂಗ. ಹೀಗೆ ಅಕ್ಷರಗಳ ಸಂಖ್ಯೆಗೆ ಅನುಗುಣವಾಗಿ ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಬನ್ನಿ. ಅದರಲ್ಲಿಯೇ ಒಂದು ಪುಟವನ್ನು ನಮ್ಮ ಕಡೆಯ ಪದಗಳಿಗೂ ಮೀಸಲಿಡಿ: ಎಳನೀರಿಗೆ ಬೊಂಡ, ದಂಟಿಗೆ ಹರಿವೆ, ಸೌತೆಗೆ ಮುಳ್ಳುಸೌತೆ. ಪದಬಂಧ ರಚಿಸುವವರು ‘ಕರಾವಳಿಯ ಎಳನೀರು’ ಎಂದು ಸುಳಿವು ಕೊಟ್ಟು ಎರಡು ಚೌಕಗಳನ್ನು ಬೊಂಡಕ್ಕೆ ಬಿಟ್ಟುಕೊಡಬೇಕೆಂಬುದು ನನ್ನ ಬಹುದಿನದ ಆಸೆ. ಪತ್ರಿಕೆಗೆ ಈ ಬಗ್ಗೆ ಪತ್ರ ಬರೆಯುವವಳಿದ್ದೇನೆ, ನೀವೂ ಬರೆಯಿರಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆಯದರಲ್ಲಿ ‘ಈಶ್ವರ’, ‘ಗದೆ’, ‘ಅಲಸಂದೆ’ ಕೂಡಿಕೊಂಡವು. ಇಂದಿನ ಪದಬಂಧದಲ್ಲಿ ‘ಮೇಘ’ಕ್ಕೆ ಮೂರು ಚೌಕ ಕಂಡಾಗ ಪೆರ್ಲದ ಅಕ್ಕನವರ ಮಾತಿನಂತೆ ಕೊನೆಗೆ ‘ದ’ ಬರೆದಿಟ್ಟೆ. ಮೇಲಿನಿಂದ ಇಳಿದ ‘ಕೇಸರಿ’ಯ ‘ರಿ’ ನಡುವಿನ ಚೌಕಕ್ಕೆ ಬಂದುದರಿಂದ ‘ವಾರಿದ’ವೆಂದು ಖಚಿತವಾಯಿತು. ಉಳಿದಿರುವುದು ಒಂದೇ: ‘ಧಾನ್ಯದ ಹಳೆಯ ಅಳತೆ’, ಎರಡು ಅಕ್ಷರ. ಅಡ್ಡ ಹಾಯುವುದು ಒಂದು ಚಲನಚಿತ್ರದ ಹೆಸರಾದ್ದರಿಂದ ನನಗೆ ಸಹಾಯವಾಗಲಿಲ್ಲ. ಸೇರು, ಪಾವು, ಬಳ್ಳ ಯಾವುದೂ ಆಗಬಹುದು. ಆದರೂ ಬೈಹುಲ್ಲಿನಲ್ಲಿ ಕಟ್ಟುತ್ತಿದ್ದ ಅಕ್ಕಿಯನ್ನು ನೆನೆದು ‘ಮುಡಿ’ ಎಂದು ಪೆನ್ಸಿಲಿನಲ್ಲಿ ತೆಳುವಾಗಿ ಬರೆದಿದ್ದೇನೆ. ನಾಳೆಯ ಪತ್ರಿಕೆಯಲ್ಲಿ ಉತ್ತರ ನೋಡಿ ಇಲ್ಲಿಯೇ ತಿಳಿಸುತ್ತೇನೆ.