ಅಣ್ಣನ ಪ್ಲೇಸ್ಟೇಷನ್ 2 ನನ್ನ ಕೈಗೆ ಬಂದಿದೆ: ಯಾವ ಆಟದಿಂದ ಶುರು ಮಾಡಲಿ?

ಪ್ರಶ್ನೆ, ದಾವಣಗೆರೆಯಿಂದ

ದೊಡ್ಡಪ್ಪನ ಮಗ ಕೆಲಸಕ್ಕೆಂದು ಊರು ಬಿಡುವಾಗ ಟಿವಿಗೆ ಜೋಡಿಸಿ ಆಡುವ ತನ್ನ ಹಳೆಯ ಸೋನಿ ಕನ್ಸೋಲ್ ಪ್ಲೇಸ್ಟೇಷನ್ 2 ಅನ್ನು ನನಗೆ ಕೊಟ್ಟು ಹೋಗಿದ್ದಾನೆ. ತೆಳ್ಳನೆಯ ಮಾದರಿ, ಪಾಲ್ ಯಂತ್ರ (ಭಾರತ, ಯುರೋಪಿನ ಟಿವಿ ಪದ್ಧತಿಗೆ ಮಾಡಿದ್ದು), ಬೇರೆ ದೇಶದ ಡಿಸ್ಕ್ ಓಡಿಸಲು ಹಾಕಿಸುವ ಚಿಪ್ ಒಳಗೆ ಇಲ್ಲ. ಒಂದು ಕಂಟ್ರೋಲರ್, ಒಂದು ಮೆಮೊರಿ ಕಾರ್ಡ್ ಇದೆ. ಡಿಸ್ಕ್‌ಗಳನ್ನು ಅವನು ಯಾರಿಗೋ ಹಂಚಿಬಿಟ್ಟಿದ್ದಾನೆ. ನಾನು ಮೊಬೈಲಿನಲ್ಲಿ ಆಡಿದವಳೇ ಹೊರತು ಕನ್ಸೋಲ್ ಮುಟ್ಟಿದವಳಲ್ಲ. ಸಂಜೆ ಒಂದೆರಡು ಗಂಟೆ ಬಿಡುವಿರುತ್ತದೆ. ರಜೆಯಲ್ಲಿ ಅಕ್ಕನ ಮಗ ಬರುತ್ತಾನೆ, ಒಂಬತ್ತು ವರ್ಷದವನು. ನೂರು ಆಟಗಳ ಪಟ್ಟಿ ಬೇಡ. ನೀವು ಆಡಿ ಮೆಚ್ಚಿದ ಆಟ ಯಾವುದು, ಏಕೆ ಎಂದು ಹೇಳಿ. ಇವುಗಳಲ್ಲಿ ಹಲವು ಹೊಸ ಯಂತ್ರಗಳಿಗೂ ಬಂದಿವೆಯಂತೆ. ಹಾಗಿದ್ದ ಮೇಲೂ ಹಳೆಯದರಲ್ಲೇ ಆಡುವುದಕ್ಕೆ ಅರ್ಥವಿದೆಯೇ?

ಬೆಂಗಳೂರಿನಿಂದ

ಅರ್ಥವಿದೆ, ಆದರೆ ಎಲ್ಲ ಆಟಗಳಿಗೂ ಅಲ್ಲ. ಈ ಯಂತ್ರದಲ್ಲಿ ಇದ್ದದ್ದು 32 ಎಂಬಿ ಮೆಮೊರಿ. ಚಿತ್ರಕ್ಕೆಂದು ಪ್ರತ್ಯೇಕವಾಗಿ 4 ಎಂಬಿ. ಇಂದಿನ ಅಗ್ಗದ ಮೊಬೈಲಿನಲ್ಲೂ ಇದರ ಎಷ್ಟೋ ಪಟ್ಟು ಇರುತ್ತದೆ. ಆ ಇಕ್ಕಟ್ಟಿನೊಳಗೆ ಕುಳಿತು, ಇಕ್ಕಟ್ಟನ್ನೇ ಸೊಬಗಾಗಿ ಮಾಡಿಕೊಂಡ ಆಟಗಳನ್ನು ಹಳೆಯ ಯಂತ್ರದಲ್ಲೇ ಆಡಬೇಕು. ಉಳಿದವನ್ನು ಎಲ್ಲಿ ಆಡಿದರೂ ನಷ್ಟವಿಲ್ಲ.

ನನ್ನ ಮೊದಲ ಹೆಸರು ಇಕೊ. 2001ರ ಆಟ, ನಿರ್ದೇಶಕ ಫುಮಿತೊ ಉಎದಾ. ತಲೆಯಲ್ಲಿ ಕೊಂಬಿರುವ ಹುಡುಗನನ್ನು ಊರವರು ಕೋಟೆಯೊಂದರಲ್ಲಿ ಬಿಟ್ಟುಹೋಗುತ್ತಾರೆ. ಅಲ್ಲಿ ಯೊರ್ಡಾ ಎಂಬ ಹುಡುಗಿ ಸಿಗುತ್ತಾಳೆ. ಇಬ್ಬರೂ ಹೊರಗೆ ಹೋಗಬೇಕು, ಅಷ್ಟೇ ಕಥೆ. ಕಂಟ್ರೋಲರಿನ ಆರ್ 1 ಗುಂಡಿ ಒತ್ತಿದರೆ ಹುಡುಗ ಅವಳ ಕೈ ಹಿಡಿಯುತ್ತಾನೆ. ಬೆರಳು ತೆಗೆದರೆ ಕೈ ಬಿಟ್ಟುಹೋಗುತ್ತದೆ. ಪರದೆಯಲ್ಲಿ ಅಂಕಿ, ನಕ್ಷೆ, ಜೀವದ ಪಟ್ಟಿ ಏನೂ ಇಲ್ಲ. ಅವಳನ್ನು ಒಂದು ಕಡೆ ನಿಲ್ಲಿಸಿ ನಾನು ಸರಪಳಿ ಹತ್ತುವಾಗ, ಕೆಳಗೆ ನೆರಳುಗಳು ಬಂದು ಎಳೆದೊಯ್ದರೇನು ಗತಿ ಎಂಬ ಆತಂಕವೊಂದೇ ಮನಸ್ಸಿನಲ್ಲಿರುತ್ತದೆ. ಅವಳ ಭಾಷೆ ಹುಡುಗನಿಗೆ ತಿಳಿಯದು, ನಮಗೂ ತಿಳಿಯದು. ಪಾಲ್ ಯಂತ್ರದವರಿಗೆ ಇಲ್ಲೊಂದು ಭಾಗ್ಯವಿದೆ: ಒಮ್ಮೆ ಮುಗಿಸಿ ಮತ್ತೆ ಆಡಿದರೆ ಅವಳ ಮಾತುಗಳ ಅನುವಾದ ಕಾಣಿಸುತ್ತದೆ. ಮೊದಲ ಅಮೆರಿಕನ್ ಆವೃತ್ತಿಯಲ್ಲಿ ಅದಿರಲಿಲ್ಲ. ಒಂದು ವಾರದ ಸಂಜೆಗಳಲ್ಲಿ ಮುಗಿಯುವ ಆಟ. ಕನ್ಸೋಲ್ ಮುಟ್ಟದವರಿಗೆ ಅದೂ ಅನುಕೂಲವೇ.

ಅದು ಮುಗಿದ ಮೇಲೆ ಅದೇ ತಂಡದ ಶ್ಯಾಡೊ ಆಫ್ ದ ಕೊಲಾಸಸ್. 2005ರದು. ಸತ್ತ ಹುಡುಗಿಯನ್ನು ಬದುಕಿಸಿಕೊಳ್ಳಲು ಯುವಕನೊಬ್ಬ ನಿಷಿದ್ಧ ನಾಡಿಗೆ ಬಂದು ಹದಿನಾರು ದೈತ್ಯರನ್ನು ಕೊಲ್ಲಬೇಕು. ಚಿಲ್ಲರೆ ಶತ್ರುಗಳಿಲ್ಲ, ಊರುಗಳಿಲ್ಲ. ಬಯಲು, ಕುದುರೆ, ಕತ್ತಿಯನ್ನು ಬಿಸಿಲಿಗೆ ಹಿಡಿದರೆ ದಾರಿ ತೋರುವ ಬೆಳಕು. ಇಲ್ಲಿಯೂ ಆರ್ 1 ಗುಂಡಿಯೇ ಮುಖ್ಯ: ಆಗ ಯೊರ್ಡಾಳ ಕೈ ಹಿಡಿದ ಬೆರಳು ಈಗ ದೈತ್ಯನ ರೋಮ ಹಿಡಿದು ಜೋತಾಡುತ್ತದೆ. ಹಿಡಿತಕ್ಕೆ ಮಿತಿಯಿದೆ. ಆಯಾಸವಾದರೆ ಬೀಳುತ್ತೀರಿ. ಕೊಂದ ಮೇಲೆ ವಿಜಯದ ವಾದ್ಯ ಮೊಳಗುವುದಿಲ್ಲ, ಶೋಕದ ಸಂಗೀತ ಬರುತ್ತದೆ. ಮೂರನೆಯ ದೈತ್ಯನ ಹೊತ್ತಿಗೆ ನಾನು ಮಾಡುತ್ತಿರುವುದು ಸರಿಯೇ ಎಂಬ ಪ್ರಶ್ನೆ ಹುಟ್ಟಿರುತ್ತದೆ. ಯಂತ್ರಕ್ಕೆ ಇದು ಭಾರ, ದೊಡ್ಡ ದೈತ್ಯ ಅಲುಗಿದಾಗ ಚಿತ್ರದ ವೇಗ ಕುಸಿಯುತ್ತದೆ. ಪ್ಲೇಸ್ಟೇಷನ್ 4ಕ್ಕೆ 2018ರಲ್ಲಿ ಹೊಸದಾಗಿ ಕಟ್ಟಿದ ಆವೃತ್ತಿ ಬಂತು, ಹುಲ್ಲಿನ ಎಸಳು ಎಸಳೂ ಕಾಣುವಷ್ಟು ಚೆಂದ. ಆದರೂ ಹಳೆಯದರ ಆ ಕಣ್ಣು ಕೋರೈಸುವ ಮಾಸಲು ಬೆಳಕು, ದೂರದ್ದೆಲ್ಲ ಮಬ್ಬಾಗಿ ಕರಗುವ ಬಗೆ ಅದರಲ್ಲಿಲ್ಲ. ನನಗೆ ಹಳೆಯದೇ ಬೇಕು.

ಹುಬ್ಬಳ್ಳಿಯಿಂದ

ಬೆಂಗಳೂರಿನವರು ಮಬ್ಬಿನ ಮಾತು ತೆಗೆದದ್ದು ಸಂತೋಷ. ನನ್ನ ಆಟ ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್, 2004. ಈ ಯಂತ್ರದಲ್ಲಿ ಅತಿ ಹೆಚ್ಚು ಮಾರಾಟವಾದ ಆಟ. ಮೂರು ನಗರ, ನಡುವೆ ಹಳ್ಳಿ, ಮರುಭೂಮಿ, ಬೆಟ್ಟ. ಮೊದಲ ನಗರ ಲಾಸ್ ಸ್ಯಾಂಟೋಸಿನಲ್ಲಿ ಕಾರು ಹತ್ತಿದರೆ ಎಲ್ಲಿಯೂ ಕಾಯಿಸದೆ ಮುಂದಿನ ನಗರಕ್ಕೆ ಕರೆದೊಯ್ಯುತ್ತದೆ. ನೀವು ಓಡುತ್ತಿದ್ದಂತೆ ಯಂತ್ರ ಮುಂದಿನ ರಸ್ತೆಯನ್ನು ಡಿಸ್ಕಿನಿಂದ ಎಳೆದುಕೊಳ್ಳುತ್ತಲೇ ಇರುತ್ತದೆ. ದೂರವನ್ನು ಮಂಜಿನಿಂದ ಮುಚ್ಚಿದ್ದು ಮೆಮೊರಿ ಸಾಲದೆ. ಆದರೆ ಆ ಮಂಜಿನಿಂದಾಗಿಯೇ ನಾಡು ಅಷ್ಟು ವಿಶಾಲವೆನಿಸುತ್ತದೆ. 2021ರ ಮರುಆವೃತ್ತಿಯಲ್ಲಿ ಮಂಜು ತೆಗೆದಾಗ ಬೆಟ್ಟದ ಮೇಲೆ ನಿಂತವರಿಗೆ ಒಂದು ನಗರದಿಂದ ಇನ್ನೊಂದು ನಗರ ಕಂಡಿತು. ನಾಡು ಅಂಗೈಯಷ್ಟಾಯಿತು. ಆಟಗಾರರು ಎಷ್ಟು ಬೇಸರಪಟ್ಟರೆಂದರೆ ಮಂಜನ್ನು ಮತ್ತೆ ತರಬೇಕಾಯಿತು.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ, ಕೊಲೆ, ಹೊಡೆದಾಟ ತುಂಬಿದ ಆಟವಿದು, ಅಕ್ಕನ ಮಗನ ಎದುರು ಹಾಕಬೇಡಿ. ಗಾಡ್ ಆಫ್ ವಾರ್ ಕೂಡ ಹಾಗೆಯೇ. ಅದರ ಎರಡನೆಯ ಭಾಗ 2007ರಲ್ಲಿ, ಪ್ಲೇಸ್ಟೇಷನ್ 3 ಬಂದ ಮೇಲೆ ಹಳೆಯ ಯಂತ್ರಕ್ಕೆಂದೇ ಬಂದದ್ದು. ಈ ಪೆಟ್ಟಿಗೆಯಿಂದ ಇಷ್ಟನ್ನು ಹಿಂಡಬಹುದೇ ಎಂದು ಬೆರಗಾಗುತ್ತೀರಿ. ಹುಡುಗ ಮಲಗಿದ ಮೇಲೆ ಆಡಿ.

ಮಂಗಳೂರಿನಿಂದ

ಆಟ ಕೊಳ್ಳುವ ಮುನ್ನ ಇಷ್ಟು ನೋಡಿಕೊಳ್ಳಿ. ಪಾಲ್ ಯಂತ್ರದಲ್ಲಿ ಅಮೆರಿಕದ, ಜಪಾನಿನ ಡಿಸ್ಕ್ ಓಡುವುದಿಲ್ಲ. ಹಳೆಯ ಡಿಸ್ಕ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಪಾಲ್ ಎಂದಿದೆಯೇ ನೋಡಿ. ಹಲವು ಪಾಲ್ ಆಟಗಳು 50 ಹರ್ಟ್ಜ್ ಬೇಕೋ 60 ಹರ್ಟ್ಜ್ ಬೇಕೋ (ಸೆಕೆಂಡಿಗೆ ಪರದೆ ಎಷ್ಟು ಸಲ ಹೊಸದಾಗಬೇಕು) ಎಂದು ಕೇಳುತ್ತವೆ. ಟಿವಿ ಒಪ್ಪಿದರೆ 60 ಆರಿಸಿ, ಚಲನೆ ಚುರುಕಾಗುತ್ತದೆ. ಹಳದಿ ಪಿನ್ನಿನ ಕೇಬಲಿಗಿಂತ, ಚಿತ್ರವನ್ನು ಮೂರು ಪಿನ್ನುಗಳಲ್ಲಿ ಹಂಚಿ ಕಳಿಸುವ ಕಾಂಪೊನೆಂಟ್ ಕೇಬಲಿನ ಚಿತ್ರ ಎಷ್ಟೋ ಮೇಲು. ಮನೆಯಲ್ಲಿ ಹಳೆಯ ಡಬ್ಬದ ಟಿವಿ ಉಳಿದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಈ ಆಟಗಳನ್ನು ಮಾಡಿದ್ದೇ ಅದಕ್ಕಾಗಿ. ಮೆಮೊರಿ ಕಾರ್ಡ್ ಸೋನಿಯದೇ ಇರಲಿ, 8 ಎಂಬಿ ಸಾಕು. ಪ್ಲೇಸ್ಟೇಷನ್ 1ರ ಡಿಸ್ಕ್‌ಗಳೂ ಇದರಲ್ಲಿ ಓಡುತ್ತವೆ, ಆದರೆ ಅವುಗಳನ್ನು ಸೇವ್ ಮಾಡಲು ಪ್ಲೇಸ್ಟೇಷನ್ 1ರ ಮೆಮೊರಿ ಕಾರ್ಡೇ ಬೇಕು.

ಸಿಂಗಪುರದಿಂದ

ಕಂಟ್ರೋಲರಿನ ಬಗ್ಗೆಯೂ ಒಂದು ಮಾತು. ಡ್ಯುಯಲ್‌ಶಾಕ್ 2ರ ಗುಂಡಿಗಳು ಎಷ್ಟು ಬಲವಾಗಿ ಒತ್ತಿದಿರಿ ಎಂಬುದನ್ನು ಅಳೆಯುತ್ತವೆ. ನನ್ನ ಮೆಚ್ಚಿನ ಆಟ ಮೆಟಲ್ ಗೇರ್ ಸಾಲಿಡ್ 3 ಈ ಗುಣದ ಮೇಲೆಯೇ ನಿಂತಿದೆ. ಶತ್ರುವನ್ನು ಹಿಂದಿನಿಂದ ಹಿಡಿದಾಗ ಗುಂಡಿಯನ್ನು ಮೆಲ್ಲಗೆ ಒತ್ತಿಕೊಂಡಿದ್ದರೆ ಅವನು ಹಿಡಿತದಲ್ಲಿರುತ್ತಾನೆ. ಗಟ್ಟಿಯಾಗಿ ಒತ್ತಿದರೆ ಕತ್ತು ಕೊಯ್ದು ಹೋಗುತ್ತದೆ. ಅಗ್ಗದ ನಕಲಿ ಕಂಟ್ರೋಲರುಗಳಲ್ಲಿ ಈ ಸೂಕ್ಷ್ಮ ಸಿಗುವುದಿಲ್ಲ, ನಿಮ್ಮಲ್ಲಿರುವ ಅಸಲಿಯನ್ನು ಜೋಪಾನ ಮಾಡಿ.

ಕಥೆ 1964ರ ಶೀತಲ ಸಮರದ್ದು, ಸೋವಿಯತ್ ಕಾಡಿನಲ್ಲಿ ನಡೆಯುತ್ತದೆ. ಹಾವು, ಕಪ್ಪೆ, ಅಣಬೆ ಹಿಡಿದು ತಿನ್ನಬೇಕು, ನೆಲದ ಬಣ್ಣಕ್ಕೆ ತಕ್ಕಂತೆ ಉಡುಪು ಬದಲಿಸಬೇಕು, ಮೂಳೆ ಮುರಿದರೆ ನೀವೇ ಪಟ್ಟಿ ಕಟ್ಟಿಕೊಳ್ಳಬೇಕು. ದೂರದಿಂದ ಗುಂಡು ಹೊಡೆಯುವ ಮುದಿ ಬಂದೂಕುಗಾರನೊಬ್ಬ ಕಾಡಿನಲ್ಲಿ ಅಡಗಿರುತ್ತಾನೆ. ಅವನನ್ನು ಗಂಟೆಗಟ್ಟಲೆ ಹುಡುಕಿ ಸೋಲಿಸಬಹುದು. ಇಲ್ಲವೇ ಆ ಕಾಳಗದ ನಡುವೆ ಸೇವ್ ಮಾಡಿ ಒಂದು ವಾರ ಬಿಟ್ಟು ಬಂದರೆ ಅವನು ವಯಸ್ಸಾಗಿ ತಾನೇ ಸತ್ತಿರುತ್ತಾನೆ. ಹೊರಗಿನ ನಮ್ಮ ಕಾಲವನ್ನೂ ಆಟದೊಳಗೆ ಸೇರಿಸಿಕೊಂಡ ಧೈರ್ಯಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಸಿಕ್ಕರೆ ಸಬ್ಸಿಸ್ಟೆನ್ಸ್ ಎಂಬ ಆವೃತ್ತಿಯನ್ನೇ ಕೊಳ್ಳಿ, ಅದರಲ್ಲಿ ಕ್ಯಾಮೆರಾ ನಮ್ಮ ಇಷ್ಟದಂತೆ ತಿರುಗುತ್ತದೆ.

ಹಾಸನದಿಂದ

ಎಲ್ಲರೂ ಹುಡುಗನನ್ನು ಮರೆತಂತಿದೆ. ನನ್ನ ಮಗಳೊಡನೆ ಆಡಿದ ಅನುಭವದಿಂದ ಹೇಳುತ್ತೇನೆ. ಮೊದಲು ಇನ್ನೊಂದು ಕಂಟ್ರೋಲರ್ ಕೊಳ್ಳಿ. ಆಮೇಲೆ ವಿ ಲವ್ ಕಟಮಾರಿ. ಪುಟ್ಟ ಉಂಡೆಯೊಂದನ್ನು ಉರುಳಿಸುತ್ತಾ ಹೋಗುವುದು. ಪಿನ್ನು, ರಬ್ಬರು, ಬೆಕ್ಕು, ಸೈಕಲ್, ಮನೆ ಎಲ್ಲವೂ ಅಂಟಿಕೊಂಡು ಉಂಡೆ ಬೆಳೆಯುತ್ತದೆ. ಇದಕ್ಕಿಂತ ಮೊದಲಿನ ಕಟಮಾರಿ ಡಮಾಸಿಯನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಅದು ಪಾಲ್‌ನಲ್ಲಿ ಬರಲೇ ಇಲ್ಲ, ಹುಡುಕಿ ದಣಿಯಬೇಡಿ. ಮಗಳು ಓದಲು ಕಲಿಯುವ ಮುನ್ನವೇ ಇದನ್ನು ಚೆನ್ನಾಗಿ ಆಡುತ್ತಿದ್ದಳು.

ಬರ್ನ್‌ಔಟ್ 3 ಇನ್ನೊಂದು. ಎದುರಾಳಿಯ ಕಾರನ್ನು ಗೋಡೆಗೆ ಒರೆಸುವುದೇ ಆಟ. ಕಾರಿನೊಳಗೆ ಮನುಷ್ಯರು ಕಾಣುವುದಿಲ್ಲವಾದ್ದರಿಂದ ಮಕ್ಕಳೆದುರು ಸಂಕೋಚವಿಲ್ಲ. ಕ್ರಿಕೆಟ್ ಬೇಕಿದ್ದರೆ ಕ್ರಿಕೆಟ್ 07 ಇದೆ. ಕಂಟ್ರೋಲರಿನ ಬಲಗಡೆಯ ಕಡ್ಡಿಯನ್ನು ಯಾವ ದಿಕ್ಕಿಗೆ ತಳ್ಳಿದರೆ ಆ ದಿಕ್ಕಿಗೆ ಹೊಡೆತ, ರಿಚಿ ಬೆನೋ ಅವರ ವೀಕ್ಷಕ ವಿವರಣೆ. ನಮ್ಮ ಆಟಗಾರರ ಹೆಸರುಗಳನ್ನು ಹಕ್ಕಿಲ್ಲದ ಕಾರಣ ತಿರುಚಿದ್ದಾರೆ, ಮಕ್ಕಳು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹೈದರಾಬಾದಿನಲ್ಲಿ ತಯಾರಾಗಿ 2009ರಲ್ಲಿ ಬಂದ ಹನುಮಾನ್: ಬಾಯ್ ವಾರಿಯರ್ ಎಂಬುದೂ ಇದೇ ಯಂತ್ರದ್ದು. ನಮ್ಮ ದೇಶದಲ್ಲಿ ಕನ್ಸೋಲ್ ಆಟ ಕಟ್ಟಿದ ಮೊದಮೊದಲ ಪ್ರಯತ್ನವೆಂಬ ಗೌರವ ಅದಕ್ಕೆ ಸಲ್ಲಲಿ, ಆಡಲು ಮಾತ್ರ ಬಿರುಸು ಸಾಲದು.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ಧನ್ಯವಾದಗಳು. ಇಕೊ ಮತ್ತು ವಿ ಲವ್ ಕಟಮಾರಿಯನ್ನು ಹುಡುಕುತ್ತಿದ್ದೇನೆ. ಅಣ್ಣನಿಗೆ ಫೋನ್ ಮಾಡಿದಾಗ ಅವನು ಫೈನಲ್ ಫ್ಯಾಂಟಸಿ 10 ಬಿಟ್ಟರೆ ಬೇರೆ ಆಟವೇ ಇಲ್ಲ ಎಂದ. ಮತ್ತೊಂದು ಭಯ: ದೈತ್ಯರ ಆಟ ನನ್ನಂಥವಳಿಗೆ ಕಷ್ಟವಾಗುವುದಿಲ್ಲವೇ?

ಬೆಂಗಳೂರಿನಿಂದ

ಅಣ್ಣನ ಅಭಿರುಚಿ ಒಳ್ಳೆಯದು. ಸರದಿಯಂತೆ ನಿಧಾನವಾಗಿ ಯೋಚಿಸಿ ಆಡುವ ಕಾಳಗ, ಯೂನಾಳ ಯಾತ್ರೆಯ ಕಥೆ, ಎರಡೂ ಅಪೂರ್ವ. ಆದರೆ ಅದರ ಪಾಲ್ ಡಿಸ್ಕಿನಲ್ಲಿ ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿಗಳಿವೆ, ವೇಗವೂ ಕಡಿಮೆ. ಅದೊಂದನ್ನು ಕಂಪ್ಯೂಟರಿಗೆ ಬಂದಿರುವ ಮರುಆವೃತ್ತಿಯಲ್ಲಿ ಆಡಿ.

ದೈತ್ಯರ ಆಟದಲ್ಲಿ ಬೆರಳಿನ ಚುರುಕಿಗಿಂತ ನೋಡುವ ತಾಳ್ಮೆ ಹೆಚ್ಚು ಬೇಕು. ಮೊದಲನೆಯವನ ಎದುರಿಗೆ ಓಡಬೇಡಿ, ಹಿಂದಕ್ಕೆ ಬನ್ನಿ. ಅವನ ಎಡಗಾಲಿನ ಹಿಂಭಾಗದಲ್ಲಿ ರೋಮವಿದೆ, ಅಲ್ಲಿಗೆ ನೆಗೆದು ಆರ್ 1 ಒತ್ತಿ ಹಿಡಿಯಿರಿ. ಹೊಳೆಯುವ ಗುರುತಿಗೆ ಕತ್ತಿ ಚುಚ್ಚಿದರೆ ಮೊಣಕಾಲೂರುತ್ತಾನೆ. ಆಗ ಬೆನ್ನಿನ ಮೇಲಿನ ಕಟ್ಟೆಯವರೆಗೆ ಹತ್ತಿ, ಅಲ್ಲಿ ನಿಂತು ಆಯಾಸ ಕಳೆದುಕೊಂಡು, ತಲೆಯ ಕಡೆಗೆ ಹೊರಡಿ. ಅವನು ಮೈ ಒದರುವಾಗ ಚುಚ್ಚಬೇಡಿ, ಹಿಡಿದುಕೊಂಡಿದ್ದರೆ ಸಾಕು.