ಅಪ್‌ಡೇಟ್: ಪಂಪ್‌ಹೌಸ್ ಕಡೆ ವಾಲಿದ್ದ ಸಿಲ್ವರ್ ಓಕ್ ಉರುಳಿತು

ಕಾಫಿ ತೋಟದಲ್ಲಿ ಪಂಪ್‌ಹೌಸ್ ಕಡೆ ವಾಲಿದ್ದ ಸಿಲ್ವರ್ ಓಕನ್ನು ಚೈನ್‌ಸಾದಲ್ಲಿ ಕಡಿಯೋದು ಹೇಗೆ ಅಂತ ಕೇಳಿದ್ದೆ ಅಲ್ವಾ? ಕೆಲಸ ಮುಗಿಯಿತು. ಒಂದು ಹೆಂಚೂ ಒಡೆದಿಲ್ಲ.

ಚೈನ್‌ಸಾ ಹಿಡಿದದ್ದು ನಾನಲ್ಲ, ಅನುಭವ ಇರುವ ಮರ ಕಡಿಯುವವರು. ಮೊದಲು ಮೇಲೆ ಹಗ್ಗ ಕಟ್ಟಿ ಎದುರು ದಿಕ್ಕಿಗೆ ಬಿಗಿ ಮಾಡಿದರು. ಹಗ್ಗ ಎಳೆಯುವವರು ಮರದ ಎತ್ತರದ ಎರಡು ಪಟ್ಟು ದೂರದಲ್ಲಿ. ಓರೆಯಾಗಿ ಹಿಂದಕ್ಕೆ ಸರಿಯುವ ದಾರಿಯನ್ನೂ ಮೊದಲೇ ಸವರಿಟ್ಟರು.

ಬೀಳಬೇಕಾದ ಬದಿಗೆ ದಪ್ಪದ ಕಾಲು ಭಾಗದಷ್ಟು ಕಚ್ಚು. ಹಿಂದಿನಿಂದ ಕೊಯ್ದದ್ದು ಅದಕ್ಕಿಂತ ತುಸು ಮೇಲೆ. 20 ಇಂಚು ದಪ್ಪದ ಮರದಲ್ಲಿ ಇವೆರಡರ ನಡುವೆ 2 ಇಂಚು ಪಟ್ಟಿ ಕೊಯ್ಯದೆ ಬಿಟ್ಟರು. ಮರ ಅಡ್ಡಾದಿಡ್ಡಿ ತಿರುಗದಂತೆ ಹಿಡಿಯೋದು ಅದೇ. ಚೈನ್‌ಸಾ ಸಿಕ್ಕಿಬೀಳದಿರಲು ಪ್ಲಾಸ್ಟಿಕ್ ಬೆಣೆ ಹೊಡೆದರು. "ಸುಮ್ನೆ ಪೂರ್ತಿ ಕೊಯ್ದುಬಿಡಿ" ಅಂದ ಪಕ್ಕದ ತೋಟದವರ ಮಾತು ಯಾರೂ ಕೇಳಲಿಲ್ಲ, ಸದ್ಯ!

ಇನ್ನು ಬುಡ ಕೀಳಿಸಬೇಕು.